ದತ್ತಪ್ಪ ಮಾಸ್ತರರ ವಜನ್

ತಪ್ಪೆಲ್ಲ ಕರೀಂಸಾಬನ ಒಂದು ಶಬ್ದದ್ದು. ದರ್ಜಿ ಕರೀಂಸಾಬ ಅದನ್ನು ಆಡಿದ್ದು ಒಂದು ಅರ್ಥಕ್ಕೆ, ಬಾಳೆಹಣ್ಣಿನ ವ್ಯಾಪಾರಿ ದೇವೀಂದ್ರಪ್ಪ ಹಿಡಿದದ್ದು ಇನ್ನೊಂದು ಅರ್ಥಕ್ಕೆ. ನಡುವೆ ಸಿಕ್ಕು ಹೈರಾಣಾದವರು ಕಮಲಾಪುರ ಶಾಲೆಯ ದತ್ತಪ್ಪ ಮಾಸ್ತರರು.

ಮಾಸ್ತರರು ಮೊದಲೇ ದಣಿದ ಮನುಷ್ಯ. ನಿಜಾಮರ ರಾಜ್ಯದಲ್ಲಿ ಮಗ್ಗಿಯನ್ನು ಉರ್ದುವಿನಲ್ಲಿ ಹೇಳಿಕೊಟ್ಟಿದ್ದರು, ಪೋಲೀಸ್ ಆಕ್ಷನ್ ಆದ ಮೇಲೆ ಅದೇ ಮಗ್ಗಿಯನ್ನು ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಸರ್ಕಾರ ಬದಲಾಯಿತು, ಶುಕ್ರವಾರದ ಜುಮ್ಮಾ ಸೂಟಿ ಐತವಾರಕ್ಕೆ ಹೋಯಿತು, ಕಚೇರಿಗಳಲ್ಲಿ ಟೋಪಿಗಳು ಬದಲಾದವು. ಮಾಸ್ತರರ ಬಗ್ಗೆ ಮೇಲಿನವರಿಗಿದ್ದ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಈ ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಬದ್ಲಿ ಮಾಡಬಹುದು, ಕೇಳುವವರು ಯಾರೂ ಇಲ್ಲ. ಆಳಂದ ಆಯಿತು, ಸೇಡಂ ಆಯಿತು, ಚಿಂಚೋಳಿ ಆಯಿತು. ಕೊನೆಗೆ ಕಮಲಾಪುರಕ್ಕೆ ಬಂದು ಕಲ್ಲು ಮಣ್ಣಿನದೊಂದು ಸ್ವಂತ ಮನೆ, ಅದಕ್ಕೊಂದು ಮಾಳಿಗೆ ಮಾಡಿಕೊಂಡು ಉಸಿರು ಬಿಟ್ಟಿದ್ದರು. ಮಾಳಿಗೆಯ ಮಣ್ಣು ಇನ್ನೂ ಸರಿಯಾಗಿ ಕೂತಿರಲಿಲ್ಲ, ಮರಾಠವಾಡೆಯ ತುದಿಯ ಯಾವುದೋ ಹಳ್ಳಿಗೆ ಬದ್ಲಿ ಆಗಿದೆಯೆಂದು ಸುದ್ದಿ ಬಂತು.

ಹೆಂಡತಿ ಶೇವಂತಾ ಸುದ್ದಿ ಕೇಳಿ ಕೈ ನಿಲ್ಲಿಸಲಿಲ್ಲ, ರೊಟ್ಟಿ ಬಡಿಯುತ್ತಲೇ ಇದ್ದಳು.

"ನೋಡ್ರಿ, ನಿಮ್ಮ ಕೂಡ ಊರೂರು ತಿರುಗಿ, ಗಂಟು ಕಟ್ಟಿ ಗಂಟು ಬಿಚ್ಚಿ ನನ್ನ ಕೈ ಸೋತಾವ. ಇನ್ನ ಈ ಮನಿ ಬಿಟ್ಟು ನಾ ಎಲ್ಲೂ ಬರಂಗಿಲ್ಲ. ಹೋಗೂದಿದ್ರ ನೀವೊಬ್ರೇ ಹೋಗ್ರಿ."

ಸಿಟ್ಟಿನಿಂದ ಹೇಳಿದ್ದರೆ ಮಾಸ್ತರರು ಅಷ್ಟು ಅಂಜುತ್ತಿರಲಿಲ್ಲ. ಶಾಂತವಾಗಿ ಹೇಳಿದಳು, ಅದಕ್ಕೇ ಅಂಜಿದರು. ಮುದಿ ವಯಸ್ಸಿಗೆ ಹತ್ತಿರವಾದ ಮನುಷ್ಯ, ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ, ಕೈಯಾರೆ ರೊಟ್ಟಿ ಸುಟ್ಟುಕೊಂಡು ತಿನ್ನುವುದು ಅವರ ಕಣ್ಣ ಮುಂದೆ ಬಂದು ನಿಂತಿತು.

ಬದ್ಲಿಗೆ ದಸ್ಕತ್ತು ಹಾಕುವ ದೊಡ್ಡ ಸಾಹೇಬರು ಹೈದರಾಬಾದಿನಲ್ಲಿದ್ದರು. ಇತ್ತಿತ್ತಲಾಗಿ ಸಾಹೇಬರುಗಳು ಎಷ್ಟು ಜಲ್ದಿ ಬರುತ್ತಿದ್ದರು, ಹೋಗುತ್ತಿದ್ದರು ಎಂದರೆ ಈಗಿನವರ ಮುಖವನ್ನು ಮಾಸ್ತರರು ನೋಡಿಯೇ ಇರಲಿಲ್ಲ. ಮರುದಿನ ಸಂಜೆ ಅವರು ದಫ್ತರದಲ್ಲಿ ಕೂತು ಎಲ್ಲ ಬದ್ಲಿಗಳಿಗೂ ದಸ್ಕತ್ತು ಹಾಕುತ್ತಾರೆ ಎಂಬಷ್ಟು ಮಾತ್ರ ಗೊತ್ತಿತ್ತು. ಸುದ್ದಿ ಬಂದಾಗ ಕಲಬುರ್ಗಿಗೆ ಹೋಗುವ ಕಡೆಯ ಮೋಟಾರು ಹೋಗಿಯಾಗಿತ್ತು. ಮರುದಿನದ ರೈಲು ಹಿಡಿದರೆ ದಸ್ಕತ್ತಿನ ಮಸಿ ಒಣಗಿದ ಮೇಲೆ ಹೈದರಾಬಾದು ಮುಟ್ಟಬೇಕು.

ಆಗ ಕರೀಂಸಾಬ ನೆನಪಿಗೆ ಬಂದ. ಆ ಚಳಿಗಾಲ ಯಾವುದೋ ಖಾಸಗಿ ಕಂಪನಿ ಕಲಬುರ್ಗಿ ಹೊರಗೆ ಕೋಟನೂರದ ಹತ್ತಿರ ಒಂದು ಹೊಲ ಹಿಡಿದು, ವಾರಕ್ಕೊಮ್ಮೆ ಹೈದರಾಬಾದಿನಿಂದ ಸಣ್ಣ ವಿಮಾನ ಇಳಿಸಿ ನೋಡುತ್ತಿತ್ತು. ಜನರ ಅಂಜಿಕೆ ಬಿಡಿಸಬೇಕಲ್ಲ, ಮೊದಮೊದಲು ಒಬ್ಬಿಬ್ಬರನ್ನು ಬಿಟ್ಟಿಯಾಗಿ ಕೂಡಿಸಿಕೊಂಡು ಹೋಗುತ್ತಿದ್ದರು. ಅಲ್ಲಿನ ಮುನ್ಷಿ ಲಾಲ್ ಅಹ್ಮದ್ ಕರೀಂಸಾಬನ ತಂಗಿಯ ಗಂಡ. ಮರುದಿನ ವಿಮಾನ ಬರುವುದಿತ್ತು.

ಮಾಸ್ತರರ ಪರವಾಗಿ ಕರೀಂಸಾಬನ ಕಡೆ ಓಡಿದವನು ಮಗ್ಗುಲ ಮನೆಯ ದೇವೀಂದ್ರಪ್ಪ. ಯಾರೂ ಹೇಳಿರಲಿಲ್ಲ. ಅವನು ಇನ್ನೊಬ್ಬರ ಕೆಲಸಕ್ಕೆ ಹೇಳಿಸಿಕೊಂಡು ಹೋಗುವ ಮನುಷ್ಯನೇ ಅಲ್ಲ.

"ಜಾಗಾ ಕೊಡಸ್ತೀನಿ," ಎಂದ ಕರೀಂಸಾಬ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಆದ್ರ ಅಲ್ಲಿ ವಜನ್ ಬೇಕು. ವಜನ್ ಇಲ್ದೋರಿಗೆ ಯಾರೂ ಕೇಳಂಗಿಲ್ಲ. ಮಾಸ್ತರಿಗೆ ಸ್ವಲ್ಪ ವಜನ್ ಮಾಡ್ಕೊಂಡು ಬರ್ಲಿಕ್ಕೆ ಹೇಳು."

ಕರೀಂಸಾಬ ಹೇಳಿದ್ದು ದೊಡ್ಡ ಮನುಷ್ಯರ ವಜನ್. ಒಗೆದ ಅಂಗಿ ಹಾಕಿಕೊಂಡು, ಎದೆ ಎತ್ತಿ, ಇಂಥವರ ಪೈಕಿ ನಾನು ಎಂದು ಹೇಳಿಕೊಂಡು ಬರಲಿ ಎಂದು ಅವನ ಭಾವ. ದೇವೀಂದ್ರಪ್ಪ ಹುಟ್ಟಿದಾಗಿನಿಂದ ಬಾಳೆಗೊನೆ ತೂಗಿದವನು. ಅವನಿಗೆ ಗೊತ್ತಿದ್ದ ವಜನ್ ಒಂದೇ, ತಕ್ಕಡಿಯ ತೂಕ.

"ಮಾಸ್ತರ್," ಎಂದ ಬಂದು, "ಮಾತು ಖರೆ ಅದ. ವಿಮಾನ ಅಂದ್ರ ಗಾಳ್ಯಾಗ ಹೋಗೂದು. ಒಳಗ ಭಾರ ಇಲ್ಲಂದ್ರ ಗಾಳಿ ಎಲ್ಲಿಗಿ ಬೇಕಾದ್ರ ಅಲ್ಲಿಗಿ ಹೊತಕೊಂಡು ಹೋಗ್ತದ. ನೀವೋ ಒಣಾ ತೊಗರಿಕಟಗಿ ಇದ್ದಂಗ ಇದ್ದೀರಿ. ನಿಮಗ ನೋಡಿದ್ರ ಅವರು ಕೂಡಿಸ್ಕೊಳ್ಳಂಗಿಲ್ಲ."

"ಹಂಗಾದ್ರ ಏನ್ ಮಾಡ್ಬೇಕು?"

"ಉಣ್ರಿ. ಉಂಡು ಉಳದದ್ದು ಕೂಡ ಒಯ್ಯೂದು."

ಬೆಳಿಗ್ಗೆ ಎದ್ದಕೂಡಲೇ ಮಾಸ್ತರರಿಗೆ ಉಣ್ಣಿಸಲಿಕ್ಕೆ ಹತ್ತಿದರು. ಶೇವಂತಾ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟಳು. ಅದರ ಮೇಲೆ ದೇವೀಂದ್ರಪ್ಪನ ಮನೆಯಿಂದ ಹೋಳಿಗೆ ಬಂತು. ಮಾಸ್ತರರು ಸಾಕೆಂದಾಗೆಲ್ಲ ದೇವೀಂದ್ರಪ್ಪ, "ಬದ್ಲಿ ನೆನಸ್ಕೊಂಡು ತಿನ್ರಿ," ಎನ್ನುತ್ತಿದ್ದ. ಅವರು ಬದ್ಲಿ ನೆನಸಿಕೊಂಡು ತಿಂದರು. ಹೊರಡುವಾಗ ಒಂದು ದೊಡ್ಡ ಬುಟ್ಟಿ ಕಮಲಾಪುರದ ಕೆಂಪು ಬಾಳೆಹಣ್ಣು ತಲೆಯ ಮೇಲೆ ಬಂದು ಕೂತಿತು, ಅರ್ಧ ಚೀಲ ತೊಗರಿಬೇಳೆ ಹೆಗಲಿಗೆ ಬಂತು.

"ವಿಮಾನ ನಮ್ಮೂರ ಮ್ಯಾಲಿಂದನೇ ಹೋಗ್ತದಂತ," ಎಂದ ದೇವೀಂದ್ರಪ್ಪ ಬಾಗಿಲಲ್ಲಿ ಸೇರಿದ ಜನಕ್ಕೆ. "ಎಲ್ಲಾರೂ ಮಾಳಗಿ ಮ್ಯಾಲ ನಿಂದರ್ರಿ. ಶಾಲಿಗಿ ಹ್ಯಾಂಗೂ ಮಾಸ್ತರಿಲ್ಲ, ಇವತ್ತ ಸೂಟಿ."

ಮೂರು ವರ್ಷದ ಹಿಂದೆ ಪೋಲೀಸ್ ಆಕ್ಷನ್ ಹೊತ್ತಿಗೆ ವಿಮಾನದ ಸಪ್ಪಳ ಕೇಳಿ ಇದೇ ಊರು ಬಾಳೆತೋಟ ಹೊಕ್ಕು ಸಂಜೆತನಕ ಹೊರಗೆ ಬಂದಿರಲಿಲ್ಲ. ಈಗ ಅದೇ ಜನ ಮಾಳಿಗೆ ಏರಲಿಕ್ಕೆ ನಿಚ್ಚಣಿಕೆ ಹುಡುಕುತ್ತಿದ್ದರು. ಶೇವಂತಾ ಗಂಡನ ಟೋಪಿ ನೆಟ್ಟಗೆ ಮಾಡಿ, "ನಾನೂ ನಿಂತಿರ್ತೀನಿ. ಕೆಳಗ ನೋಡ್ರಿ," ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿ ಬಹಳ ದಿನವಾಗಿತ್ತು. ಮಾಸ್ತರರಿಗೆ ಹೊಟ್ಟೆಯ ಭಾರದ ನಡುವೆಯೂ ಎದೆ ಹಗುರಾಯಿತು.

ದೇವೀಂದ್ರಪ್ಪನೂ ಜತೆಗೆ ಹೊರಟ. ಮೋಟಾರು ಮಹಾಗಾಂವದಲ್ಲಿ ನಿಂತಾಗ ಅವನು ಇಳಿದು ಚಹಾ ಕುಡಿದ, ಕುಡಿಯುವಷ್ಟರಲ್ಲಿ ಊರಿಗೆಲ್ಲ ಸುದ್ದಿ ಹೇಳಿದ. ಬಂಡೆಮ್ಮ ಎಂಬ ಮುದುಕಿ ಖಾರ ಕುಟ್ಟುವ ಕಲ್ಲೊಂದನ್ನು ಎತ್ತಿಕೊಂಡು ಬಂದು ಮಾಸ್ತರರ ತೊಡೆಯ ಮೇಲೆ ಇಟ್ಟಳು.

"ನಮ್ಮ ಮಗಳು ಹೈದರಾಬಾದದಾಗ ಅದಾಳಪ್ಪಾ. ಅಲ್ಲಿ ಕಲ್ಲು ಛಲೋ ಸಿಗಂಗಿಲ್ಲಂತ. ಮುಟ್ಟಸಪ್ಪಾ, ಪುಣ್ಯಾ ಬರ್ತದ."

"ಅವ್ವಾ, ಹೈದರಾಬಾದ್ ಅಂದ್ರ ಭಾಳ ದೊಡ್ಡದು. ಮಗಳ ಮನಿ ಎಲ್ಲಿ?"

"ಚಾರ್‌ಮಿನಾರ್ ಬಾಜೂ ಅಂತ. ಯಾರಿಗಿ ಕೇಳಿದ್ರೂ ಹೇಳ್ತಾರ."

ಮಾಸ್ತರರು ಬೇಡವೆನ್ನಬೇಕೆಂದು ಬಾಯಿ ತೆರೆದರು. "ಇರ್ಲಿ ಬಿಡ್ರಿ," ಎಂದ ದೇವೀಂದ್ರಪ್ಪ, "ವಜನಕ್ಕ ಆಗ್ತದ."

ಕಲಬುರ್ಗಿಯಲ್ಲಿ ಇಳಿದು ಶಬ್ಬೀರ್ ಎಂಬವನ ಟಾಂಗಾ ಹತ್ತಿದರು. "ಹವಾಯಿ ಅಡ್ಡಾ," ಎಂದ ದೇವೀಂದ್ರಪ್ಪ, ದಿನಾ ಹೋಗುವವನ ಹಾಗೆ. ಶಬ್ಬೀರ್ ತಲೆಯಾಡಿಸಿ ಕುದುರೆ ಹೊಡೆದ. ಸ್ಟೇಷನ್ ರಸ್ತೆಯ ಒಂದು ಸೈಕಲ್ ಅಂಗಡಿಯ ಮುಂದೆ ಟಾಂಗಾ ನಿಂತಿತು. ಒಬ್ಬ ಪಂಪು ಹಿಡಿದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.

"ಇಳೀರಿ. ಹವಾ ಇಲ್ಲೇ ಹಾಕ್ತಾರ."

"ಹವಾ ಅಲ್ಲೋ ಮಾರಾಯಾ, ಹವಾಯಿ. ವಿಮಾನ. ಮ್ಯಾಲ ಹಾರ್ತದಲ್ಲ, ಅದು."

ಶಬ್ಬೀರ್ ಮಾಸ್ತರರನ್ನು ನೋಡಿದ. ಬುಟ್ಟಿ ನೋಡಿದ, ಚೀಲ ನೋಡಿದ, ಕಲ್ಲು ನೋಡಿದ. "ಇದೆಲ್ಲಾ ಹೇರ್ಕೊಂಡು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೋಟನೂರದ ಕಡೆ ಟಾಂಗಾ ತಿರುಗಿಸಿದ.

ಲಾಲ್ ಅಹ್ಮದ್ ಎದುರಿಗೆ ಬಂದು ಸಲಾಮು ಮಾಡಿದ. ಅವನಿಗೆ ಬಂದವರೆಲ್ಲ ಸಾಹೇಬರೇ. ಟಾಂಗಾದ ಶಬ್ಬೀರನಿಗೂ ಒಮ್ಮೆ ಸಾಹೇಬ್ರೆ ಎಂದ.

"ಬರ್ರಿ ಸಾಹೇಬ್ರೆ. ನೋಡ್ರಿ, ಇದು ಮುಸಾಫಿರಖಾನಾ." ಪ್ರಯಾಣಿಕರು ಕಾಯುವ ಜಾಗವೆಂದು ಬೇವಿನ ಮರದ ನೆರಳು ತೋರಿಸಿದ. "ಅದು ಸಾಮಾನು ಇಡೋ ಜಾಗಾ." ಅದೇ ನೆರಳಿನ ಆಚೆ ಬದಿ. "ಇದು ದಫ್ತರ್." ಒಂದು ತಗಡಿನ ಶೆಡ್ಡು. "ಅದು ವಿಮಾನದ ರಸ್ತಾ."

ರಸ್ತೆ ಎಂದದ್ದು ತೊಗರಿ ಕೊಯ್ದ ಹೊಲ. ನಡುವೆ ಎಮ್ಮೆಗಳು ನಿಂತಿದ್ದವು.

"ಎಮ್ಮಿ ಅದಾವಲ್ಲ," ಎಂದರು ಮಾಸ್ತರರು.

"ವಿಮಾನ ಬಂದ್ರ ತಾವೇ ಹೋಗ್ತಾವ. ಹೋಗ್ಲಿಲ್ಲಂದ್ರ ನಾ ಹೊಡೀತೀನಿ. ಅದೂ ನಂದೇ ಡ್ಯೂಟಿ."

ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವೊಂದು ಗಾಳಿಗೆ ಉಬ್ಬಿ ಆಡುತ್ತಿತ್ತು. ದೇವೀಂದ್ರಪ್ಪ ಬಹಳ ಹೊತ್ತು ಅದನ್ನೇ ನೋಡಿ, "ಯಾರದೋ ಅಂಗಿ ತೋಳು ಒಣಾ ಹಾಕ್ಯಾರ," ಎಂದ. ಗಾಳಿ ಯಾವ ಕಡೆ ಎಂದು ತೋರಿಸಲಿಕ್ಕೆ ಅದು, ಎಂದ ಲಾಲ್ ಅಹ್ಮದ್. "ಗಾಳಿ ಮಾರೀಗಿ ಹೊಡದ್ರ ಗೊತ್ತಾಗಂಗಿಲ್ಲೇನು?" ಎಂದ ದೇವೀಂದ್ರಪ್ಪ. ಲಾಲ್ ಅಹ್ಮದನಿಗೂ ಆ ವಿಚಾರ ಹಿಂದೆ ಬಂದದ್ದೇ ಆಗಿತ್ತು.

ಮುಸಾಫಿರಖಾನೆಯಲ್ಲಿ ಒಂದೇ ಕುರ್ಚಿ. ಅದರಲ್ಲಿ ದಪ್ಪನೆಯ ಒಬ್ಬರು ಕೂತು ಪೇಪರ್ ಓದುತ್ತಿದ್ದರು. ಕುರ್ಚಿ ಎಲ್ಲಿ ಮುಗಿಯಿತು, ಅವರು ಎಲ್ಲಿ ಶುರುವಾದರು ಎಂದು ಹೇಳುವುದು ಕಷ್ಟ. ಬಿಳಿ ಜುಬ್ಬ, ಮೊಣಕಾಲ ಹತ್ತಿರ ಒಂದು ಸಣ್ಣ ಪೆಟ್ಟಿಗೆ. ಮಾಸ್ತರರನ್ನು ಕಂಡು, "ನೀವೂ ಇದಕ್ಕ ಹೊಂಟೀರೇನ್ರಿ? ಬರ್ರಿ, ನೆಳ್ಳ ಚಲೋ ಐತಿ," ಎಂದು ಸರಿದು ಕೂತರು. 'ಐತಿ' ಎಂದದ್ದರಿಂದ ಧಾರವಾಡದ ಕಡೆಯವರೆಂದು ತಿಳಿಯಿತು. ಒಳ್ಳೆಯವರ ಹಾಗೆ ಕಂಡರು.

ಅಷ್ಟರಲ್ಲಿ ವಿಮಾನ ಬಂತು. ಎಮ್ಮೆಗಳು ಹೋಗಲಿಲ್ಲ. ಲಾಲ್ ಅಹ್ಮದ್ ಕೋಲು ಹಿಡಿದು ಓಡಿದ, ವಿಮಾನ ಮೇಲೆಯೇ ಎರಡು ಸುತ್ತು ಹೊಡೆದು, ಜಾಗ ಖಾಲಿಯಾದ ಮೇಲೆ ಧೂಳೆಬ್ಬಿಸುತ್ತ ಇಳಿಯಿತು. ಅದರೊಳಗಿಂದ ಕರಿ ಕನ್ನಡಕದ ಹುಡುಗನಂಥ ಪೈಲಟ್ ಹಾರಿ ಕೆಳಗೆ ಬಂದ. ಯಾರಿಗೂ ನಮಸ್ಕಾರ ಮಾಡಲಿಲ್ಲ. "ವಜನ್," ಎಂದ ಅಷ್ಟೇ.

ದೇವೀಂದ್ರಪ್ಪ ಮಾಸ್ತರರ ಪಕ್ಕೆಗೆ ತಿವಿದ. "ನಾ ಹೇಳಿಲ್ಲೇನು?"

ಬೇವಿನ ಟೊಂಗೆಗೆ ಅಡತಿ ಅಂಗಡಿಯ ದೊಡ್ಡ ತಕ್ಕಡಿಯನ್ನು ತೂಗುಬಿಟ್ಟಿದ್ದರು. ತೊಗರಿ ಚೀಲ ತೂಗುವ ಆ ತಟ್ಟೆಯಲ್ಲಿ ಮಾಸ್ತರರನ್ನು ಕೂಡಿಸಿ, ಬುಟ್ಟಿ ಚೀಲಗಳನ್ನು ತೊಡೆಯ ಮೇಲಿಟ್ಟು, ಈಚೆ ತಟ್ಟೆಗೆ ಲಾಲ್ ಅಹ್ಮದ್ ತೂಕದ ಕಲ್ಲಿನ ಮೇಲೆ ಕಲ್ಲು ಏರಿಸಿದ. ಎಷ್ಟು ಏರಿಸಿದರೂ ಮಾಸ್ತರರು ಮೇಲೆ ಬರಲಿಲ್ಲ.

"ಮಾಸ್ತರ್ ಸಾಹೇಬ್ರೆ, ನಿಮ್ಮ ವಜನ್ ಭಾಳ ಆಗ್ಯದ."

ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ತಟ್ಟೆಯಲ್ಲಿ ಕಾಲು ಜೋತುಬಿಟ್ಟು ಕೂತ ಮಾಸ್ತರರು ಒಂದು ಗಳಿಗೆ ಎದೆ ಎತ್ತಿದರು. ಆಮೇಲೆ ಪೈಲಟ್ ತಲೆ ಅಲ್ಲಾಡಿಸುವುದು ಕಂಡಿತು.

"ಛಲೋ ಆಯ್ತಲ್ಲ?" ಎಂದರು.

"ಛಲೋ ಏನು ಆಯ್ತು? ಇಷ್ಟು ವಜನಕ್ಕ ಅದು ನೆಲಾ ಬಿಡಂಗಿಲ್ಲ. ಕಡಿಮಿ ಮಾಡ್ರಿ."

ಮಾಸ್ತರರು ದೇವೀಂದ್ರಪ್ಪನನ್ನು ನೋಡಿದರು. ದೇವೀಂದ್ರಪ್ಪ ಕಂಬದ ತೋಳನ್ನು ನೋಡುತ್ತಿದ್ದ.

ಮೊದಲು ಬಂಡೆಮ್ಮನ ಕಲ್ಲು ಇಳಿಯಿತು. ಶೆಡ್ಡಿನ ತಗಡು ಹಾರದಂತೆ ಇಡಲಿಕ್ಕೆ ಬಂತೆಂದು ಲಾಲ್ ಅಹ್ಮದ್ ಒಯ್ದ. ಆಮೇಲೆ ಬೇಳೆ ಇಳಿಯಿತು. ಕೋಟು, ಟೋಪಿ, ಕಾಲ್ಮರಿ ಒಂದೊಂದಾಗಿ ಇಳಿದವು. ಉಳಿದದ್ದು ಬಾಳೆಹಣ್ಣಿನ ಬುಟ್ಟಿ. ಇಡೀ ಬುಟ್ಟಿ ನೆಲದ ಪಾಲು ಮಾಡಲಿಕ್ಕೆ ಮನಸ್ಸಾಗದೆ ಮಾಸ್ತರರು ಅದನ್ನು ಕುರ್ಚಿಯವರ ಮುಂದೆ ಇಟ್ಟು, "ತಗೋರಿ ಸಾಹೇಬ್ರೆ, ನಮ್ಮೂರ ಹಣ್ಣು," ಎಂದರು.

ಅವರು ಒಂದು ಸುಲಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದು ಸುಲಿದರು. ಪೈಲಟ್ ಟಪಾಲು ಚೀಲಗಳನ್ನು ಎಣಿಸಿ ಏರಿಸುವಷ್ಟರಲ್ಲಿ ಬುಟ್ಟಿಯ ತಳ ಕಂಡಿತ್ತು. ಕೊನೆಗೆ ಎಲ್ಲರನ್ನೂ ಮತ್ತೊಮ್ಮೆ ತೂಗಿದರು. ಮಾಸ್ತರರ ಬುಟ್ಟಿಯಲ್ಲಿ ಎಷ್ಟು ಇಳಿದಿತ್ತೋ, ಹೆಚ್ಚುಕಡಿಮೆ ಅಷ್ಟು ಕುರ್ಚಿಯವರಲ್ಲಿ ಏರಿತ್ತು.

"ಭಾರ ವಿಮಾನದಿಂದ ಇಳೀಲಿಲ್ಲ, ಜಾಗಾ ಬದಲಾಯಿಸ್ತು," ಎಂದ ಲಾಲ್ ಅಹ್ಮದ್ ಬೇಸರದಿಂದ. "ಪೈಲಟ್ ಹೇಳಾಕತ್ತಾನ, ಇಬ್ಬರಾಗ ಒಬ್ಬರೇ ಅಂತ." ಆಮೇಲೆ ಮಾಸ್ತರರ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಬೇಜಾರ ಮಾಡ್ಕೋಬ್ಯಾಡ್ರಿ. ಅವರು ಭಾಳ ವಜನದಾರ್ ಆದ್ಮಿ. ಅವರ್ನ ಬಿಟ್ಟು ಹೋಗಲಿಕ್ಕೆ ಬರಂಗಿಲ್ಲ."

"ವಜನದಾರ್ ಅಂತ ಕಣ್ಣಿಗಿ ಕಾಣಸ್ತದಲ್ಲಪ್ಪಾ," ಎಂದರು ಮಾಸ್ತರರು. ಅವರಿಗೂ ಸಾಕಾಗಿತ್ತು. "ಅದಕ್ಕ ಅವರ್ನ ಬಿಡ್ರಿ ಅನ್ನಾಕತ್ತೀನಿ. ನಿಮ್ಮ ತಕ್ಕಡಿನೇ ಹೇಳ್ತದ. ಮುಂಜಾನಿಯಿಂದ ವಜನ್ ಮಾಡ್ಕೋ ಅಂದ್ರಿ, ಮಾಡ್ಕೊಂಡೆ. ಕಡಿಮಿ ಮಾಡ್ಕೋ ಅಂದ್ರಿ, ಮಾಡ್ಕೊಂಡೆ. ಬರಿಗಾಲಲೆ ನಿಂತೀನಿ. ಇನ್ನ ನನ್ನ ಹತ್ರ ಬಿಚ್ಚಲಿಕ್ಕ ಏನೂ ಉಳದಿಲ್ಲ."

ಅವರ ದನಿ ಏರಿರಲಿಲ್ಲ. ಆದರೂ ಕುರ್ಚಿಯವರಿಗೆ ಕೇಳಿಸಿತು. "ಅಷ್ಟು ಅವಸರದ ಕೆಲಸ ಏನೈತ್ರಿ ಹೈದರಾಬಾದಿನಾಗ?" ಎಂದು ಕೇಳಿದರು.

ಮಾಸ್ತರರು ನಿಜ ಹೇಳಲಿಕ್ಕೆ ಬಾಯಿ ತೆರೆದಿದ್ದರು. ಇನ್ನೊಂದು ಉಸಿರಿನಲ್ಲಿ ಹೇಳಿಯೂ ಬಿಡುತ್ತಿದ್ದರು. ದೇವೀಂದ್ರಪ್ಪನ ಬಾಯಿ ಮೊದಲು ತೆರೆಯಿತು.

"ಏನ್ ಹೇಳ್ಲಿ ಸಾಹೇಬ್ರೆ. ಇವರ ಮನಿಯಾಕಿ ಹೈದರಾಬಾದದ ದವಾಖಾನ್ಯಾಗ ಅದಾಳ. ಇವತ್ತ ಸಂಜಿ ದಾಟಂಗಿಲ್ಲಂತ ಹೇಳ್ಯಾರ. ಕಡೀ ಸಲ ಮಾರಿ ನೋಡ್ಲಿ ಅಂತ ನಾವೇ ಹೊಂಡಸಿದ್ವಿ." ಹೇಳಿ ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. ಕಣ್ಣಲ್ಲಿ ನೀರು ಖರೆ ಖರೆ ಬಂದಿತ್ತು.

ಮಾಸ್ತರರ ತೆರೆದ ಬಾಯಿ ತೆರೆದೇ ಇತ್ತು. ಅಲ್ಲ ಎನ್ನಬೇಕಿತ್ತು. ಅಂದರೆ ವಿಮಾನ ಹೋಗುತ್ತದೆ, ಮನೆ ಹೋಗುತ್ತದೆ, ಶೇವಂತಾ ಕಟ್ಟೆಯ ಮೇಲೆ ಉಳಿಯುತ್ತಾಳೆ. ಬಾಯಿ ಮುಚ್ಚಿ ನೆಲ ನೋಡಿದರು.

ಕುರ್ಚಿಯವರು ಕುರ್ಚಿಯಿಂದ ಕಷ್ಟಪಟ್ಟು ಎದ್ದರು. "ಛೇ, ಮೊದಲ ಹೇಳಬಾರದೇನ್ರಿ? ನೀವು ಹೋಗ್ರಿ. ನನ್ನ ಕೆಲಸ ಒಂದಿನ ತಡದ್ರ ಯಾರೂ ಸಾಯಂಗಿಲ್ಲ. ನಾ ನಾಳೆ ರೈಲಿಗೆ ಬರ್ತೀನಿ." ಮಾಸ್ತರರ ಬೆನ್ನ ಮೇಲೆ ಕೈಯಿಟ್ಟರು. "ಈ ಹಣ್ಣು ಯಾವೂರಾಗ ಬೆಳಿತೈತಿ ಅಂದ್ರಿ?"

"ಕಮಲಾಪುರ್ರಿ," ಎಂದ ದೇವೀಂದ್ರಪ್ಪ, ಕಣ್ಣೀರು ಆರುವ ಮೊದಲೇ. "ನಂದೇ ತ್ವಾಟ."

ಹೀಗೆ ದತ್ತಪ್ಪ ಮಾಸ್ತರರು ಬರಿಗಾಲಲ್ಲಿ, ಬರಿದಲೆಯಲ್ಲಿ ಆಕಾಶಕ್ಕೆ ಏರಿದರು. ಮೊದಲು ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ಪೈಲಟ್ ಭುಜ ತಟ್ಟಿ ಕೆಳಗೆ ತೋರಿಸಿದಾಗ ತೆರೆದರು. ಕೆಳಗೆ ಕಮಲಾಪುರ. ಬಾಳೆತೋಟಗಳ ಹಸಿರು ನಡುವೆ ಒಂದು ರೊಟ್ಟಿಯಗಲದ ಮಾಳಿಗೆ, ಅದರ ಮೇಲೆ ಕೆಂಪಗೆ ಏನೋ ಬೀಸುತ್ತಿತ್ತು. ಶೇವಂತಾಳ ಸೆರಗೇ ಇರಬೇಕು. ಎಲ್ಲ ಮಾಳಿಗೆಗಳ ಮೇಲೂ ಜನ, ಶಾಲೆಯ ಮೇಲೆ ಹುಡುಗರು. ಅಷ್ಟು ಸಣ್ಣ ಮನೆಗಾಗಿ ಇಷ್ಟೆಲ್ಲ ಆಯಿತೇ ಎಂದು ಅನ್ನಿಸಿತು, ಅನ್ನಿಸಿದ್ದಕ್ಕೆ ಕಣ್ಣು ತುಂಬಿತು. ಕಿಟಕಿಯಿಂದ ಕೈ ಬೀಸಿದರು. ದೇವೀಂದ್ರಪ್ಪನ ಸುಳ್ಳಿಗೆ ಬಾಯಿ ಮುಚ್ಚಿಕೊಂಡದ್ದು ಒಳಗೆ ಚುಚ್ಚುತ್ತಿತ್ತು. ಬಂದ ಮೇಲೆ ಆ ಪುಣ್ಯಾತ್ಮರನ್ನು ಹುಡುಕಿ ಕಾಲು ಹಿಡಿಯಬೇಕು ಎಂದುಕೊಂಡರು.

ಹೈದರಾಬಾದಿನ ದಫ್ತರದ ಜವಾನ ಬರಿಗಾಲಿನ ಮನುಷ್ಯನನ್ನು ಒಳಗೆ ಬಿಡಲು ಬಹಳ ಹೊತ್ತು ಮಾಡಿದ. ಬಿಟ್ಟ ಮೇಲೆ ಹೇಳಿದ, "ಸಾಹೇಬರು ಇಲ್ಲ. ಗುಲಬರ್ಗಾ ಕಡೆ ಶಾಲೆ ನೋಡಲು ದೌರೆಗೆ ಹೋಗಿದ್ದಾರೆ. ಇವತ್ತಿನ ವಿಮಾನಕ್ಕೆ ಬರುವವರಿದ್ದರು, ಯಾಕೋ ಬರಲಿಲ್ಲ."

ಮಾಸ್ತರರು ಮೆಟ್ಟಿಲ ಮೇಲೆ ಕೂತರು. "ನಿಮ್ಮ ಸಾಹೇಬ್ರು," ಎಂದರು ನಿಧಾನಕ್ಕೆ, "ಸ್ವಲ್ಪ ದಪ್ಪ ಅದಾರೇನು?"

"ಸ್ವಲ್ಪ ಅಂದ್ರೆ?" ಎಂದ ಜವಾನ. "ಧಾರವಾಡದಿಂದ ಬಂದವರು. ತಾವು ಯಾರೆಂದು ಎಲ್ಲೂ ಹೇಳಿಕೊಳ್ಳುವುದಿಲ್ಲ. ಸುಮ್ಮನೆ ಹೋಗಿ ಶಾಲೆ ನೋಡಿ ಬರುತ್ತಾರೆ. ಹಣ್ಣು ಕಂಡರೆ ಮಾತ್ರ ಬಿಡುವುದಿಲ್ಲ."

ಮಾಸ್ತರರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ಕೂತಲ್ಲೇ ಲೆಕ್ಕ ಹಾಕಿದರು. ಸಾಹೇಬರು ಇಲ್ಲಿಲ್ಲ ಎಂದರೆ ಇವತ್ತು ದಸ್ಕತ್ತೂ ಇಲ್ಲ. ಗೊತ್ತಿಲ್ಲದವನಿಗೆ ವಿಮಾನದ ಜಾಗ ಬಿಟ್ಟುಕೊಟ್ಟ ಮನುಷ್ಯ, ಎದುರು ನಿಂತು ಕೇಳಿದರೆ ಒಂದು ಬದ್ಲಿ ರದ್ದು ಮಾಡಲಾರರೇ? ಸುಳ್ಳನ್ನೂ ಒಪ್ಪಿಕೊಂಡರಾಯಿತು. ಸಾಹೇಬರು ದಫ್ತರ ಮುಟ್ಟಿದರೆ ದಸ್ಕತ್ತು ಬೀಳುತ್ತದೆ, ಅವರು ಕಲಬುರ್ಗಿ ಬಿಡುವ ಮೊದಲೇ ಅಲ್ಲೇ ಹಿಡಿಯಬೇಕು ಎಂದುಕೊಂಡು ರಾತ್ರಿಯ ರೈಲು ಹತ್ತಿದರು. ಎಷ್ಟೋ ವರ್ಷದ ಮೇಲೆ ಅವರಿಗೆ ರೈಲಿನಲ್ಲಿ ನಿದ್ದೆ ಬಂತು.

ಕಲಬುರ್ಗಿಯಲ್ಲಿ ಇಳಿದು ಪ್ರವಾಸಿ ಬಂಗಲೆಗೆ ಹೋದರೆ ಸಾಹೇಬರು ಬೆಳಗಿನ ರೈಲಿಗೆ ಹೋಗಿಬಿಟ್ಟಿದ್ದರು. ಎದುರುಬದುರು ರೈಲುಗಳಲ್ಲಿ ಇಬ್ಬರೂ ಎಲ್ಲೋ ಒಂದು ಕಡೆ ದಾಟಿಹೋಗಿರಬೇಕು. ಇರಲಿ, ಮನೆಗೆ ಹೋಗಿ ಒಂದು ರೊಟ್ಟಿ ತಿಂದು, ಕಾಲಿಗೆ ಏನಾದರೂ ಹಾಕಿಕೊಂಡು ಮತ್ತೆ ಹೋದರಾಯಿತು ಎಂದು ಮಾಸ್ತರರು ಮೋಟಾರು ಹತ್ತಿದರು.

ಶೇವಂತಾ ಕಟ್ಟೆಯ ಮೇಲೆ ಕೂತಿದ್ದಳು.

"ಬಂದ್ರೇನ್ರಿ?" ಎಂದಳು. "ಆಕಿ ಹ್ಯಾಂಗ ಅದಾಳ?"

"ಯಾಕಿ?"

"ದವಾಖಾನ್ಯಾಗ ಇದ್ದಾಕಿ."

ಶೇವಂತಾ ರೊಟ್ಟಿ ಬಡಿಯುವಾಗಿನ ಅದೇ ಶಾಂತ ದನಿಯಲ್ಲಿ ಹೇಳಿದಳು.

"ನಿನ್ನಿ ನಿಮ್ಮ ವಿಮಾನ ಹೋದ ಖುಷಿಗಿ ಓಣಿಗಿ ಸಕ್ಕರಿ ಹಂಚಾಕತ್ತಿದ್ದೆ. ಜೀಪಿನಾಗ ಒಬ್ಬರು ಬಂದ್ರು. ದಪ್ಪ ಇದ್ರು, ಐತಿ ಐತಿ ಅಂತಿದ್ರು. ದೇವೀಂದ್ರಪ್ಪನೇ ಬಾಳಿಹಣ್ಣಿನ ವ್ಯಾಪಾರಕ್ಕ ಕರಕೊಂಡು ಬಂದಿದ್ದ. ಅವನು ಹಣ್ಣು ತರಲಿಕ್ಕ ಒಳಗ ಹೋದ. ನಾ ಅವರಿಗೂ ಸಕ್ಕರಿ ಕೊಟ್ಟೆ, ನಮ್ಮೋರು ಮ್ಯಾಲ ಹೋದ್ರು, ನಾ ಸೆರಗು ಬೀಸಿದೆ ಅಂದೆ. ನೀವು ಮಾಸ್ತರಿಗೆ ಏನಾಗಬೇಕು ಅಂದ್ರು. ಹೆಂಡ್ತಿ ಅಂದೆ. ಹಂಗಾದ್ರ ದವಾಖಾನ್ಯಾಗ ಸಾಯಾಕತ್ತಿದಾಕಿ ಎಷ್ಟನೇ ಹೆಂಡ್ತಿ ಅಂದ್ರು."

"ಶೇವಂತಾ, ಅದು ಸುಳ್ಳು. ಆ ಮಾತು ನಾ ಹೇಳಿಲ್ಲ. ದೇವೀಂದ್ರಪ್ಪ ಹೇಳ್ಯಾನ."

ದೇವೀಂದ್ರಪ್ಪ ಮಗ್ಗುಲ ಕಟ್ಟೆಯಲ್ಲಿ ಬಾಳೆಗೊನೆಯ ಒಂದೊಂದೇ ಹಣ್ಣು ಒರೆಸುತ್ತ ಕೂತಿದ್ದ.

"ಹೇಳಪ್ಪಾ ದೇವೀಂದ್ರಪ್ಪ. ನೀನೇ ಹೇಳಿದಿ ಅಂತ ಹೇಳು."

"ನಿಮ್ಮ ಗಂಡಾ ಹೆಂಡ್ತಿ ಮಾತಿನಾಗ ನಾ ಯಾಕ ಬಾಯಿ ಹಾಕ್ಲಿ, ಮಾಸ್ತರ್?" ಎಂದ ದೇವೀಂದ್ರಪ್ಪ. ಹುಟ್ಟಿದಾಗಿನಿಂದ ಇನ್ನೊಬ್ಬರ ಮನೆಯಲ್ಲೇ ಇದ್ದ ಬಾಯಿ ಅದು. ಅವತ್ತು ಮೊದಲ ಸಲ ತನ್ನ ಮನೆಗೆ ವಾಪಸಾಯಿತು.

"ಆಮ್ಯಾಲ ಅವರು ಶಾಲಿ ನೋಡಿದ್ರು," ಎಂದಳು ಶೇವಂತಾ. "ಕೀಲಿ ಹಾಕಿತ್ತು. ಯಾಕ ಅಂತ ಕೇಳಿದ್ರು. ಮಾಸ್ತರಿಗೆ ನೋಡಲಿಕ್ಕ ಊರಿಗೆಲ್ಲಾ ಸೂಟಿ ಅಂತ ಹುಡುಗರು ಹೇಳಿದ್ವು. ಆವಾಗ ತಾವು ಯಾರಂತ ಹೇಳಿದ್ರು. ಕನ್ನಡ ಮಾಸ್ತರಿಗೆ ಮರಾಠಿ ಊರಿಗಿ ಹಾಕಿದ್ದು ತಪ್ಪಾಗಿತ್ತಂತ. ನಿನ್ನಿ ಸಂಜಿ ದಫ್ತರಕ್ಕ ಹೋಗಿ ತಾವೇ ಅದನ್ನ ಹೊಡದು ಹಾಕೋರಿದ್ರಂತ. ಇಷ್ಟು ವಜನ್ ಇದ್ದ ಮಾಸ್ತರಿಗೆ ಒಂದೇ ಊರಾಗ ಇಡಬಾರದು, ಹೋಗ್ಲಿ ಅಂದ್ರು. ಹಣ್ಣು ಕೊಟ್ರ ಒಂದೂ ತಿನ್ನಲಿಲ್ಲ. ಹಂಗೇ ಇಟ್ಟು ಹೋದ್ರು."

ಮಾಸ್ತರರು ಏನೋ ಹೇಳಲಿಕ್ಕೆ ಹೋದರು. ನಿನ್ನೆ ಒಂದು ಉಸಿರು ಮೊದಲು ಹೇಳಬೇಕಿದ್ದ ಮಾತು ಇವತ್ತು ಯಾವ ತುದಿಯಿಂದ ಶುರುಮಾಡಿದರೂ ಸುಳ್ಳಿನ ಹಾಗೇ ಕೇಳಿಸುತ್ತಿತ್ತು. ಬಾಗಿಲ ಒಳಗೆ ಒಂದು ಗಂಟು ಕಂಡಿತು. ಹಳೆಯ ಸೀರೆಯಲ್ಲಿ ಕಟ್ಟಿದ, ಅವರಿಗೆ ಚೆನ್ನಾಗಿ ಪರಿಚಯವಿದ್ದ ಗಂಟು. ಅವರ ಮುಖಕ್ಕೆ ಸ್ವಲ್ಪ ಜೀವ ಬಂತು.

"ಗಂಟು ಕಟ್ಟಂಗಿಲ್ಲ ಅಂದಿದ್ದಿ," ಎಂದರು. "ಕಟ್ಟೀದಿಯಲ್ಲಾ."

"ಹೌದ್ರಿ, ಕಟ್ಟೀನಿ," ಎಂದಳು ಶೇವಂತಾ. ಒಳಗೆ ಹೋಗಿ ಅದನ್ನು ತಂದು ಗಂಡನ ಕೈಗೆ ಕೊಟ್ಟಳು. "ನಿಮ್ಮ ಎರಡು ಅಂಗಿ, ಒಂದು ಧೋತರ. ಹೊರಲಿಕ್ಕ ವಜನ್ ಆಗಬಾರದು ನೋಡ್ರಿ."

ಮಾಸ್ತರರು ಕೈಯಲ್ಲೇ ತೂಗಿ ನೋಡಿದರು. ಗಂಟು ಬಹಳ ಹಗುರಾಗಿತ್ತು.